ಹೊಯ್ಗೆ ದಿಬ್ಬ ಉಳಿಯಲಿ, ಕಡಲಿಗೆ ದಾರಿಯೂ ಇರಲಿ

ಡೊಂಬಿವಲಿ ಎಂಐಡಿಸಿಯಲ್ಲಿ ಕುಳಿತವರಿಗೆ ಕಡಲ ಮರಳಿನ ಮಾತೇಕೆ ಎಂದು ನೀವು ಕೇಳಬಹುದು. ನಮ್ಮೂರಿನ ಪಶ್ಚಿಮಕ್ಕೆ ಖಾಡಿಯ ದಡದಲ್ಲಿ ರೇತಿ ಬಂದರ್ ಇದೆ. ರೇತಿ ಎಂದರೆ ಮರಳು. ಇಲ್ಲಿ ಅದು ಕಟ್ಟಡಕ್ಕೆ ಬೇಕಾದ ಸಾಮಾನು, ಅಷ್ಟೆ. ಆದರೆ ನಿಮ್ಮಲ್ಲಿ ಎಷ್ಟೋ ಮಂದಿ ಮೇ ರಜೆಗೆ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಉಡುಪಿ, ಕುಂದಾಪುರ, ಕುಮಟಾ ಕಡೆಗೆ ಹೋಗುವವರು. ಅಲ್ಲಿ ಕಡಲ ಬದಿಯ ಮನೆ, ಬಾವಿ, ತೆಂಗಿನ ತೋಟ ಎಲ್ಲವೂ ಹೊಯ್ಗೆ ದಿಬ್ಬದ ಬೆನ್ನಿಗೇ ಒರಗಿಕೊಂಡಿವೆ.

ಅಲೆ ಮುಟ್ಟುವ ಜಾಗಕ್ಕಿಂತ ತುಸು ಮೇಲೆ, ನೇರಳೆ ಹೂವಿನ, ಆಡಿನ ಗೊರಸಿನಂಥ ಎಲೆಯ ಬಳ್ಳಿಯನ್ನು ನೀವು ನೋಡಿರುತ್ತೀರಿ. ಅದು ಅಡುಂಬು ಬಳ್ಳಿ. ಜೊತೆಗೆ ಮುಳ್ಳುಮುಳ್ಳಾದ ಒಂದು ಹುಲ್ಲು, ರಾವಣನ ಮೀಸೆ. ಅದರ ಒಣಗಿದ ಉಂಡೆಗಳು ಗಾಳಿಗೆ ಉರುಳುವಾಗ ಬೆನ್ನಟ್ಟಿ ಓಡದ ಮಕ್ಕಳುಂಟೇ? ಗಾಳಿ ಹೊತ್ತು ತರುವ ಒಣ ಮರಳು ಈ ಗಿಡಗಳಿಗೆ ತಾಗಿ ನಿಲ್ಲುತ್ತದೆ. ಗಿಡ ಆ ಮರಳನ್ನು ಸೀಳಿಕೊಂಡು ಮೇಲೆ ಚಿಗುರುತ್ತದೆ, ಮತ್ತಷ್ಟು ಮರಳು ನಿಲ್ಲುತ್ತದೆ. ಹೀಗೆ ವರ್ಷ ವರ್ಷವೂ ದಿಬ್ಬ ಬೆಳೆಯುತ್ತದೆ.

ಇದು ಕಡಲತೀರದ ಬ್ಯಾಂಕ್ ಠೇವಣಿ ಎನ್ನಿ. ಜೂನ್ ತಿಂಗಳ ಅಬ್ಬರದಲ್ಲಿ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರೊಳಗೆ ದಿಂಡಾಗಿ ಹಾಕುತ್ತವೆ. ಮುಂದಿನ ಅಲೆ ಆ ದಿಂಡಿಗೆ ಬಡಿದು ಒಡೆಯುವುದರಿಂದ ದಡಕ್ಕೆ ಪೆಟ್ಟು ಕಡಿಮೆ. ಮಳೆಗಾಲ ಮುಗಿದ ಮೇಲೆ ಶಾಂತ ಅಲೆಗಳು ಅದೇ ಮರಳನ್ನು ಹಿಂದಕ್ಕೆ ತರುತ್ತವೆ. ಕಡಲ ಪಕ್ಕದ ಬಾವಿಯಲ್ಲಿ ಸಿಹಿನೀರು ಸಿಗುವುದಕ್ಕೂ ಮರಳೇ ಕಾರಣ. ಅದರೊಳಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪುನೀರು ಬರಲಾರದು ಎಂಬುದು ಲೆಕ್ಕ. ದಿಬ್ಬ ತೆಗೆದರೆ ಈ ಲೆಕ್ಕವೂ ತಪ್ಪುತ್ತದೆ. ಆಮ್‌ಸ್ಟರ್‌ಡ್ಯಾಮ್ ನಗರವಂತೂ 1853ರಿಂದ ತನ್ನ ಮರಳುದಿಬ್ಬಗಳ ನೀರು ಕುಡಿಯುತ್ತಿದೆ. ಆ ದಿಬ್ಬಗಳಲ್ಲಿ ಜನ ಟಿಕೆಟ್ ಕೊಂಡು ಸುತ್ತಾಡುತ್ತಾರೆ ಕೂಡ!

ನಮ್ಮಲ್ಲಿ ದಿಬ್ಬ ಹೋಗುವುದು ಹೇಗೆ? ಕಡಲು ಚೆನ್ನಾಗಿ ಕಾಣಲಿ ಎಂದು ಜೆಸಿಬಿ ತಂದು ಸಮತಟ್ಟು ಮಾಡುತ್ತಾರೆ. ಕಾರು, ಬೈಕು ಮರಳಿನ ಮೇಲೆಯೇ ಓಡುತ್ತವೆ. ಬರಿಗಾಲೂ ಸಾಕು: ನೂರು ಜನ ನೂರು ಕಡೆ ನಡೆದರೆ ಬಳ್ಳಿ ಹರಿಯುತ್ತದೆ, ಅಲ್ಲಿ ಗಾಳಿ ನುಗ್ಗಿ ಕಂಡಿ ಕೊರೆಯುತ್ತದೆ, ಮಳೆಗಾಲದಲ್ಲಿ ಆ ಕಂಡಿಯಿಂದಲೇ ಸಮುದ್ರ ಒಳಬರುತ್ತದೆ. ಆಮೇಲೆ ಕಡಲ್ಕೊರೆತ ಎಂದು ಬಂಡೆಗಲ್ಲು ಸುರಿಯುತ್ತೇವೆ. ಮರವಂತೆ, ಉಳ್ಳಾಲಗಳಲ್ಲಿ ಆ ಕಲ್ಲುಗಳನ್ನು ನೀವೇ ನೋಡಿದ್ದೀರಿ. ಕಲ್ಲಿನ ಗೋಡೆ ರಸ್ತೆಯನ್ನು ಉಳಿಸೀತು, ಆದರೆ ಎದುರಿನ ಮರಳು ಕರಗುತ್ತದೆ. ದೋಣಿ ಎಳೆಯಲು, ಕೈರಂಪಣಿ ಬಲೆ ಬೀಸಲು ಜಾಗ ಉಳಿಯುವುದಿಲ್ಲ. ದಿಬ್ಬ ಉಳಿಸಿದರೆ ಜನರಿಗೆ ದಾರಿ ಮುಚ್ಚುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ದಾರಿಯನ್ನು ನಿಜವಾಗಿ ಮುಚ್ಚಿರುವುದು ಕಲ್ಲುಗೋಡೆ ಮತ್ತು ರೆಸಾರ್ಟುಗಳ ಕಾಂಪೌಂಡು.

ಕಾನೂನು ಎರಡನ್ನೂ ಒಟ್ಟಿಗೇ ಹೇಳಿದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ, ತೀರದ ಹೋಟೆಲು ಕಟ್ಟುವವರು ಮರಳುದಿಬ್ಬ ಸಮತಟ್ಟು ಮಾಡಕೂಡದು, ಎರಡು ಹೋಟೆಲುಗಳ ನಡುವೆ ಸಾರ್ವಜನಿಕರಿಗಾಗಿ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು ಎಂದಿತ್ತು. 2019ರ ಅಧಿಸೂಚನೆ ದಿಬ್ಬಗಳನ್ನು ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿಟ್ಟಿದೆ.

ದಿಬ್ಬವನ್ನು ಮತ್ತೆ ಕಟ್ಟುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಮಡಲಿನ ತಟ್ಟಿಗಳನ್ನು ಗಾಳಿಗೆ ಅಡ್ಡವಾಗಿ ನೆಟ್ಟರೆ ಮರಳು ನಿಲ್ಲುತ್ತದೆ. ಮಳೆ ಹಿಡಿಯುತ್ತಲೇ ಅಡುಂಬು, ರಾವಣನ ಮೀಸೆ ನೆಡಬೇಕು. ಹಿಂಬದಿಗೆ ಕೇದಿಗೆ, ಹೊನ್ನೆ. ಗಾಳಿಮರ ಉತ್ತರ ಕನ್ನಡಕ್ಕೆ ಬಂದು 150 ವರ್ಷ ದಾಟಿತು. ಹಿಂದೆ ಇದ್ದರೆ ಇರಲಿ, ಮುಂದಿನ ಸಾಲಿಗೆ ಬೇಡ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ಉದುರೆಲೆಯಡಿ ಬಳ್ಳಿ ಹಬ್ಬುವುದು ಕಷ್ಟ. ಜನರಿಗೆ ಕಂಬಗಳ ಮೇಲೆ ಎತ್ತರಿಸಿದ ಮರದ ಕಾಲುದಾರಿ ಸಾಕು. ಅದೂ ಓರೆಯಾಗಿರಬೇಕು, ನೇರವಾಗಿದ್ದರೆ ಗಾಳಿಗೂ ಅದೇ ದಾರಿಯಾಗುತ್ತದೆ. ವಾಹನಗಳು ಹಿಂದೆಯೇ ನಿಲ್ಲಲಿ. ಮೀನುಗಾರರ ದೋಣಿ ಎಳೆಯುವ ಜಾಗವನ್ನು ಮಾತ್ರ ಬೇಲಿಯೊಳಗೆ ಸೇರಿಸಬಾರದು. ಸೇರಿಸಿದರೆ ಆ ಬೇಲಿ ಬಾಳುವುದಿಲ್ಲ, ಬಾಳಲೂಬಾರದು.

ಕಾಸರಕೋಡು ಮತ್ತು ಪಡುಬಿದ್ರಿಗೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಶೌಚಾಲಯ, ಸ್ವಚ್ಛತೆಯ ದೃಷ್ಟಿಯಿಂದ ಸಂತೋಷ. ಆದರೆ ಸ್ವಚ್ಛತೆಯ ಉತ್ಸಾಹದಲ್ಲಿ ಬಳ್ಳಿಯನ್ನೂ ಕಸವೆಂದು ಬಾಚಿದರೆ ದಿಬ್ಬ ಹುಟ್ಟುವುದಾದರೂ ಎಲ್ಲಿ?

ಅಷ್ಟು ದೂರ ಹೋಗಲಾಗದವರಿಗೆ ರತ್ನಾಗಿರಿ ಜಿಲ್ಲೆಯ ವೇಳಾಸ್ ಇದೆ, ಪನ್ವೇಲ್, ಮಾಣಗಾಂವ್, ಮಂಡಣಗಡ ದಾರಿಯಾಗಿ. ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಅಲ್ಲಿನ ಗ್ರಾಮಸ್ಥರನ್ನು ಜೊತೆಗೆ ಸೇರಿಸಿಕೊಂಡು ಕಡಲಾಮೆಯ ಮೊಟ್ಟೆಗಳನ್ನು ಕಾಯುವ ಕೆಲಸ ಆರಂಭಿಸಿತು. ಬೇಸಿಗೆಯ ಆರಂಭದಲ್ಲಿ ಮರಿಗಳನ್ನು ಬೆಳಿಗ್ಗೆ, ಸಂಜೆ ಕಡಲಿಗೆ ಬಿಡುತ್ತಾರೆ. ನೋಡುವವರು ಹಗ್ಗದ ಈಚೆ ನಿಲ್ಲಬೇಕು. ಊಟ, ವಸತಿ ಊರವರ ಮನೆಗಳಲ್ಲೇ.