ಚಳಿಗಾಲದಲ್ಲಿ ಬಿಸಿಲು ಹುಡುಕಿಕೊಂಡು

ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಬಾತುಗಳು ಪ್ರತಿ ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ಅವಕ್ಕೆ ಟಿಕೆಟ್ ಇಲ್ಲ, ಗೂಗಲ್ ಮ್ಯಾಪ್ ಇಲ್ಲ. ಚಳಿ ಹೆಚ್ಚಾದರೆ ದಕ್ಷಿಣಕ್ಕೆ ಹೋಗಬೇಕು ಎನ್ನುವುದಷ್ಟೇ ಗೊತ್ತು. ನಾವು ಮಾತ್ರ ಉಲ್ಟಾ. ಡಿಸೆಂಬರ್ ಬಂದರೆ ಸಾಕು, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮನಾಲಿ, ಶಿಮ್ಲಾ, ಗುಲ್ಮಾರ್ಗ್ ಎಂಬ ಚರ್ಚೆ ಶುರು. ಹಿಮದಲ್ಲಿ ನಿಂತು ಎರಡು ರೀಲ್ಸ್ ಮಾಡದಿದ್ದರೆ ಚಳಿಗಾಲವೇ ಅಲ್ಲ ಎಂಬಂತೆ!

ನಾನು ಬೀದರಿನವಳು. ಬೀದರಿನ ಚಳಿ ಕಂಡವರಿಗೆ ಹಿಮ ನೋಡುವ ಆಸೆ ಅಷ್ಟಾಗಿ ಬರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿಯ ತಾಪಮಾನ ಕೆಲವೊಮ್ಮೆ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೆಳಿಗ್ಗೆ ಬಕೆಟ್ ನೀರಿಗೆ ಕೈ ಹಾಕಲು ಧೈರ್ಯ ಬೇಕು. ಹೀಗಾಗಿ ಬಿಇ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದಾಗ ನಾವು ನಾಲ್ವರು ಗೆಳತಿಯರ ಮುಂದಿದ್ದ ಪ್ರಶ್ನೆ ಬೇರೆಯೇ ಆಗಿತ್ತು: ಈ ದೇಶದಲ್ಲಿ ಜನವರಿಯಲ್ಲೂ ಸ್ವೆಟರ್ ಬೇಡದ ಜಾಗ ಎಲ್ಲಿದೆ? ಅದೂ ನಮ್ಮ ಜೇಬಿಗೆ ಹೊಂದುವಂಥದ್ದು? ಮುಂದಿನ ವರ್ಷ ಇದೇ ಹೊತ್ತಿಗೆ ಪ್ಲೇಸ್‌ಮೆಂಟ್, ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎಂದು ಒಬ್ಬೊಬ್ಬರು ಒಂದೊಂದು ಊರು ಸೇರಿರುತ್ತೇವೆ. ನಮಗೆ ಒಟ್ಟಿಗೆ ಸಿಗುವ ಕೊನೆಯ ರಜೆ ಇದೇ.

ಮೂರು ಸರಳ ಸೂತ್ರ

ಉತ್ತರ ಹುಡುಕಲು ಟ್ರಾವೆಲ್ ಏಜೆಂಟ್ ಬೇಕಿಲ್ಲ, ಹೈಸ್ಕೂಲಿನ ಭೂಗೋಳ ಪುಸ್ತಕ ಸಾಕು. ಒಂದು ಊರಿನ ಚಳಿಯನ್ನು ಮುಖ್ಯವಾಗಿ ನಿರ್ಧರಿಸುವುದು ಮೂರು ಸಂಗತಿ: ಅದು ಎಷ್ಟು ದಕ್ಷಿಣಕ್ಕಿದೆ, ಎಷ್ಟು ಎತ್ತರದಲ್ಲಿದೆ, ಸಮುದ್ರಕ್ಕೆ ಎಷ್ಟು ಹತ್ತಿರವಿದೆ.

ದಕ್ಷಿಣಕ್ಕೆ ಹೋದಷ್ಟೂ ಚಳಿಗಾಲದ ಸೂರ್ಯ ನೆತ್ತಿಗೆ ಹತ್ತಿರವಾಗುತ್ತಾನೆ. ಎತ್ತರಕ್ಕೆ ಹೋದಷ್ಟೂ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಾಪಮಾನ ಇಳಿಯುತ್ತದೆ. ಇನ್ನು ಸಮುದ್ರದ ವಿಷಯ. ಮಣ್ಣಿಗೆ ಹೋಲಿಸಿದರೆ ಅಷ್ಟೇ ತೂಕದ ನೀರನ್ನು ಬಿಸಿ ಮಾಡಲು ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಹಾಗೆಯೇ ಒಮ್ಮೆ ಬಿಸಿಯಾದ ನೀರು ತಣಿಯುವುದೂ ನಿಧಾನ. ಹಗಲಿನ ಬಿಸಿಲನ್ನು ನೆಲ ರಾತ್ರಿಯೊಳಗೆ ಖರ್ಚು ಮಾಡಿ ಮುಗಿಸಿದರೆ, ಸಮುದ್ರ ಅದನ್ನು ಫಿಕ್ಸೆಡ್ ಡೆಪಾಸಿಟ್ ಇಟ್ಟಂತೆ ಇಟ್ಟುಕೊಂಡಿರುತ್ತದೆ. ಕರಾವಳಿಯ ಗಾಳಿಯಲ್ಲಿರುವ ತೇವಾಂಶವೂ ರಾತ್ರಿಯ ಶಾಖ ಆಕಾಶಕ್ಕೆ ಸೋರಿಹೋಗದಂತೆ ತಡೆಯುತ್ತದೆ.

ಈಗ ಬೀದರ್ ಮತ್ತು ಕಾರವಾರವನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕರ್ನಾಟಕವೇ. ಬೀದರ್ ಆರುನೂರು ಮೀಟರಿಗೂ ಮೇಲಿನ ಒಣ ಪ್ರಸ್ಥಭೂಮಿ, ಕಾರವಾರ ಸಮುದ್ರದ ಅಂಚು. ಎತ್ತರವೊಂದರಿಂದಲೇ ನಾಲ್ಕು ಡಿಗ್ರಿ ವ್ಯತ್ಯಾಸ ಬಂತು. ಅದಕ್ಕೆ ಕಡಲು, ತೇವಾಂಶ ಸೇರಿದರೆ ಜನವರಿಯ ರಾತ್ರಿಯಲ್ಲೂ ಕಾರವಾರದಲ್ಲಿ ಸುಮಾರು ಇಪ್ಪತ್ತು ಡಿಗ್ರಿ, ಹಗಲಿನಲ್ಲಿ ಮೂವತ್ತರ ಮೇಲೆ. ನಮ್ಮ ಹುಡುಕಾಟ ಅಲ್ಲಿಗೆ ಮುಗಿಯಿತು.

ಅವ್ವನೂ ಹೊರಟಳು

ಊರು ಆರಿಸಿದರೆ ಸಾಲದು, ಮನೆಯಲ್ಲಿ ಒಪ್ಪಿಗೆ ಸಿಗಬೇಕಲ್ಲ! ನಾಲ್ಕೂ ಮನೆಯಲ್ಲಿ ಒಂದೇ ಮಾತು: 'ದೊಡ್ಡೋರು ಯಾರಾದ್ರೂ ಜೋಡಿ ಇದ್ರ ಹೋಗ್ರಿ.' ಆ ದೊಡ್ಡವರ ಸ್ಥಾನಕ್ಕೆ ನನ್ನ ಅವ್ವನ ಹೆಸರು ಬಂತು. ಅವ್ವ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಚಳಿಗಾಲದಲ್ಲಿ ಅವಳ ಬೆರಳುಗಳು ಬಿಗಿದುಕೊಳ್ಳುತ್ತವೆ. ಬೆಳಿಗ್ಗೆ ಒಲೆ ಮುಂದೆ ಅಂಗೈ ಕಾಯಿಸಿಕೊಳ್ಳದೆ ಮಷೀನಿನ ಮುಂದೆ ಕೂರಲು ಆಗುವುದಿಲ್ಲ. ನಲವತ್ತೈದು ವರ್ಷದಲ್ಲಿ ಅವಳು ಸಮುದ್ರ ನೋಡಿರಲಿಲ್ಲ. 'ನನಗ್ಯಾಕ ಸುಮ್ನ ಖರ್ಚು' ಎನ್ನುವುದು ಅವಳ ಮೊದಲ ಉತ್ತರ.

ಆ ಮಾತಿಗೆ ನಮ್ಮ ಬಳಿ ಉತ್ತರವಿತ್ತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ಒಂದು ತುದಿಯ ಬೀದರಿನಿಂದ ಮತ್ತೊಂದು ತುದಿಯ ಕಾರವಾರಕ್ಕೆ ಐವರು ಹೆಂಗಸರ ಬಸ್ ಖರ್ಚು ಸೊನ್ನೆ! ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅಂಕೋಲಾ ದಾರಿಯಾಗಿ ಮತ್ತೆ ನಾಲ್ಕೈದು ತಾಸು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಇಳಿದಾಗ ಎಲ್ಲರೂ ಶಾಲು ಹೊದ್ದಿದ್ದೆವು. ಅರಬೈಲು ಘಾಟ್ ಇಳಿಯತೊಡಗಿದ ಮೇಲೆ ಒಂದೊಂದೇ ತಿರುವಿಗೆ ಶಾಲು ಹೋಯಿತು, ಸ್ವೆಟರ್ ಹೋಯಿತು, ಕಿಟಕಿಯ ಗಾಜು ಸರಿಯಿತು. ಆರೂವರೆ ಡಿಗ್ರಿಯ ಲೆಕ್ಕ ಪುಸ್ತಕದಲ್ಲಿ ಓದುವುದು ಬೇರೆ, ಬಸ್ಸಿನಲ್ಲಿ ಕುಳಿತು ಮೈಮೇಲೆ ಅನುಭವಿಸುವುದು ಬೇರೆ. ಕಾರವಾರದ ಲಾಡ್ಜಿನ ಹುಡುಗ ಕೋಣೆ ತೆರೆದು ಫ್ಯಾನ್ ಹಚ್ಚಿದಾಗ ಅವ್ವ ನನ್ನ ಕಿವಿಯಲ್ಲಿ ಕೇಳಿದಳು: 'ಚಳಿಗಾಲದಾಗ ಇಲ್ಲಿ ಫ್ಯಾನ್ ಹಚ್ತಾರೇನು?'

ಅಲ್ಲಿ ಎರಡು ದಿನ ಕಳೆದೆವು. ಟ್ಯಾಗೋರ್ ಕಡಲತೀರ, ಪಕ್ಕದಲ್ಲೇ ಚಾಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ, ಕಾಳಿ ನದಿ ಸಮುದ್ರ ಸೇರುವ ಜಾಗ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಟ್ಯಾಗೋರರು ಇಲ್ಲಿ ಬಂದು ಉಳಿದಿದ್ದರು. ಆಗ ಅವರಿಗೂ ನಮ್ಮದೇ ಆಸುಪಾಸಿನ ವಯಸ್ಸು. ಕಡಲತೀರಕ್ಕೆ ಅವರ ಹೆಸರು ಬಂದದ್ದು ಹೀಗೆ.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ನಾವು ಅಲೆಗಳ ಫೋಟೊ ತೆಗೆಯುತ್ತಿದ್ದರೆ, ಅವ್ವ ಮರಳಿನ ಮೇಲೆ ಕುಳಿತು, ಊರಿಂದ ತಂದಿದ್ದ ರವಿಕೆಗೆ ಹುಕ್ಕು ಹಚ್ಚುತ್ತಿದ್ದಳು. 'ಇಲ್ಲೂ ಕೆಲಸಾನೇನವ್ವ?' ಅಂದೆ. ಅವಳು ಅಂಗೈ ಬಿಚ್ಚಿ, ಮುಚ್ಚಿ ತೋರಿಸಿದಳು. 'ನೋಡ, ಬೆರಳು ಹೆಂಗ ಬಗ್ಗಲಾಕತ್ತಾವ!' ಒಲೆಯ ಸಹಾಯವಿಲ್ಲದೆ, ಬೆಳಿಗ್ಗೆ ಏಳಕ್ಕೆ! ಬೆಚ್ಚಗಿನ ಊರು ಎಂದರೆ ನಮಗೆ ಮೋಜು. ಅವಳಿಗೆ ಅದು ಎರಡು ದಿನದ ಬಿಡುಗಡೆ.

ಎರಡು ಕೋಣೆ, ಎರಡು ರಾತ್ರಿ, ಊಟ, ಚಹಾ, ಆಟೊ ಎಲ್ಲ ಸೇರಿ ತಲಾ ಖರ್ಚಾದದ್ದು ಸುಮಾರು 1,600 ರೂಪಾಯಿ. ಹುಡುಗರೇ, ಹೊಟ್ಟೆಕಿಚ್ಚು ಬೇಡ. ನಿಮಗೆ ಬಸ್ ಚಾರ್ಜ್ ಸೇರಿದರೂ ಮನಾಲಿಗಿಂತ ಬಹಳ ಅಗ್ಗ. ಬೆಂಗಳೂರಿನವರಿಗಂತೂ ಕಾರವಾರಕ್ಕೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ.

ಇನ್ನೂ ಎಲ್ಲೆಲ್ಲಿ?

ಅದೇ ಮೂರು ಸೂತ್ರ ಹಿಡಿದು ನಕ್ಷೆಯ ಮೇಲೆ ಬೆರಳಾಡಿಸಿದರೆ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಕಾರವಾರದ ಕೆಳಗೆ ಗೋಕರ್ಣ, ಕುಮಟಾ ಬಳಿಯ ಮಿರ್ಜಾನ್ ಕೋಟೆ, ಹೊನ್ನಾವರದ ಕಾಸರಕೋಡು. ಇನ್ನೂ ಕೆಳಗೆ ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪ. ಲಾವಾ ತಣಿದು ಕಂಬ ಕಂಬವಾಗಿ ಒಡೆದ ಅಲ್ಲಿನ ಬಂಡೆಗಳು ಯಾರೋ ಕೊರೆದು ನಿಲ್ಲಿಸಿದಂತಿವೆ. ಮಂಗಳೂರು ದಾಟಿದರೆ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ. ಅದನ್ನು ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ರಾಜ್ಯದ ಗಡಿ ದಾಟಿದರೂ ಅಂಗಡಿಗಳಲ್ಲಿ ಕನ್ನಡ ಕೇಳಿಸುತ್ತದೆ. ಮುಂದೆ ಕಣ್ಣೂರು, ಅಲಪ್ಪುಳ, ವರ್ಕಲ.

ಕೊನೆಗೆ ಕನ್ಯಾಕುಮಾರಿ. ಎಂಟು ಡಿಗ್ರಿ ಅಕ್ಷಾಂಶ, ಮೂರು ಕಡೆ ನೀರು. ಚಳಿಗೆ ಅಲ್ಲಿ ಜಾಗವೇ ಇಲ್ಲ. 1970ರಲ್ಲಿ ಪೂರ್ಣಗೊಂಡ ವಿವೇಕಾನಂದ ಶಿಲಾ ಸ್ಮಾರಕ, ಪಕ್ಕದ ಬಂಡೆಯ ಮೇಲೆ 133 ಅಡಿಯ ತಿರುವಳ್ಳುವರ್ ಪ್ರತಿಮೆ, 2024ರ ಡಿಸೆಂಬರ್‌ನಿಂದ ಇವೆರಡರ ನಡುವೆ ಗಾಜಿನ ಸೇತುವೆ. ಬೆಂಗಳೂರಿನಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ನೇರವಾಗಿ ಅಲ್ಲಿಗೇ ಹೋಗುತ್ತದೆ.

ಎಂಜಿನಿಯರಿಂಗ್ ಓದುವವರು ರಾಮೇಶ್ವರವನ್ನು ಮರೆಯಬೇಡಿ. 1914ರ ಹಳೆಯ ಪಾಂಬನ್ ರೈಲು ಸೇತುವೆಯಲ್ಲಿ ಹಡಗು ಬಂದಾಗ ಮಧ್ಯದ ಭಾಗ ಎರಡು ರೆಕ್ಕೆಯಂತೆ ತೆರೆಯುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗ ಲಿಫ್ಟಿನಂತೆ ನೇರವಾಗಿ ಮೇಲೇಳುತ್ತದೆ. ಅಬ್ದುಲ್ ಕಲಾಂ ಅವರ ಸ್ಮಾರಕವೂ ಅದೇ ದ್ವೀಪದಲ್ಲಿದೆ. ನಮ್ಮ ಮುಂದಿನ ಗುರಿ ಇದೇ.

ಆದರೆ ತಿಂಗಳು ನೋಡಿ ಹೊರಡಿ. ತಮಿಳುನಾಡು, ಪುದುಚೇರಿಯ ಪೂರ್ವ ಕರಾವಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆ, ಜೊತೆಗೆ ಚಂಡಮಾರುತದ ಭಯ. ರಾಮೇಶ್ವರದ ಪಕ್ಕದ ಧನುಷ್ಕೋಡಿ ಊರನ್ನು, ಅಲ್ಲಿಗೆ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು ಚಂಡಮಾರುತ ನುಂಗಿದ್ದು 1964ರ ಡಿಸೆಂಬರ್‌ನಲ್ಲೇ. ಡಿಸೆಂಬರ್ ರಜೆಗೆ ಪಶ್ಚಿಮ ಕರಾವಳಿ, ಜನವರಿ ಕೊನೆ ಮತ್ತು ಫೆಬ್ರುವರಿಗೆ ಪೂರ್ವ ಕರಾವಳಿ ಎಂದು ನೆನಪಿಟ್ಟುಕೊಳ್ಳಿ.

ಹೆಸರು ನೋಡಿ ಮೋಸಹೋಗಬೇಡಿ

ದಕ್ಷಿಣ ಎಂದಾಕ್ಷಣ ಬೆಚ್ಚಗಿರುತ್ತದೆ ಎಂದುಕೊಂಡರೆ ಊಟಿ, ಮುನ್ನಾರ್, ಕೊಡೈಕನಾಲ್ ಪಾಠ ಕಲಿಸುತ್ತವೆ. ಊಟಿ ಎರಡು ಸಾವಿರ ಮೀಟರಿಗೂ ಮೇಲಿದೆ. ಜನವರಿಯ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು. ಮರುಭೂಮಿ ಎಂದಾಕ್ಷಣ ಸುಡುತ್ತದೆ ಎಂದುಕೊಂಡರೆ ಜೈಸಲ್ಮೇರ್ ನಡುಗಿಸುತ್ತದೆ. ಅಲ್ಲಿ ಹಗಲು ಹಿತವಾದ ಬಿಸಿಲು. ಆದರೆ ಮರಳಿನಲ್ಲಿ ನೀರಿಲ್ಲ, ಗಾಳಿಯಲ್ಲಿ ತೇವಾಂಶವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಸೂರ್ಯ ಮುಳುಗಿದ ಮೇಲೆ ಶಾಖ ಹಿಡಿದಿಡುವವರು ಯಾರೂ ಇಲ್ಲ. ಟೆಂಟಿನಲ್ಲಿ ಉಳಿಯುವ ಆಸೆಯಿದ್ದರೆ ದಪ್ಪ ಕಂಬಳಿಯೂ ಇರಲಿ.

ಇನ್ನು ಕೆಲವು ಮಾತು, ಸ್ವಲ್ಪ ಬುದ್ಧಿವಾದದಂತೆ ಕೇಳಿಸಿದರೂ ಸರಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲೇ ತೆರೆಯುತ್ತದೆ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಒಮ್ಮೆ ನೋಡಿಬಿಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಕರಾವಳಿಯಲ್ಲಿ ಕೋಣೆ ದುಬಾರಿ, ಜನವೂ ಹೆಚ್ಚು. ಜನವರಿ ಮಧ್ಯದ ನಂತರ ಅದೇ ಕಡಲು ಅಗ್ಗಕ್ಕೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ನೀರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ನಮ್ಮಂಥ ಬಯಲುಸೀಮೆಯವರಿಗೆ ಅಲೆ ಎಳೆಯುವ ಬಲದ ಅಂದಾಜಿರುವುದಿಲ್ಲ. ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯಬೇಡಿ, ಇದ್ದ ಕಡೆ ಅವರು ಸೀಟಿ ಊದಿದರೆ ಹಿಂದೆ ಬನ್ನಿ. ಮಂಡಿವರೆಗಿನ ನೀರಿನಲ್ಲಿ ನಿಂತರೂ ಸಮುದ್ರ ಸಮುದ್ರವೇ.

ಕೆಲಸ ಸಿಕ್ಕ ಮೇಲೆ ಹಿಮವನ್ನೂ ನೋಡೋಣ, ಅದೇನೂ ಓಡಿಹೋಗುವುದಿಲ್ಲ. ಈ ರಜೆಯಲ್ಲಿ ಪ್ಲಾನ್ ಮಾಡುವಾಗ ಮಾತ್ರ ಒಂದು ನಿಮಿಷ ಮನೆಯೊಳಗೆ ನೋಡಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ತಣ್ಣೀರಿಗೆ ಕೈ ಹಾಕುವವರು ಯಾರು? ಮಂಡಿ ನೋವೆಂದು ಬಿಸಿಲು ಬರುವವರೆಗೆ ಹಾಸಿಗೆ ಬಿಡದವರು ಯಾರು? ಬಿಸಿಲು ನಮಗಿಂತ ಅವರಿಗೇ ಹೆಚ್ಚು ಬೇಕು. 'ನನಗ್ಯಾಕ ಸುಮ್ನ' ಎಂದು ಅವರು ಹೇಳಿಯೇ ಹೇಳುತ್ತಾರೆ. ಅವರ ಹೆಸರನ್ನೂ ಸೇರಿಸಿಯೇ ಸೀಟು ಬುಕ್ ಮಾಡಿ.