ಹಸ್ತದ ಮಳೆಗೆ ಗುಲಾಬಿ ಕಡ್ಡಿ

ಚಿಗುರು ಬಂದ ಕಡ್ಡಿಯೆಲ್ಲ ಗಿಡವಾಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬಿಸಿಲು–ಗಾಳಿಗೆ ಗುಲಾಬಿ ಕಡ್ಡಿ ಊರುವುದು ಯಾವಾಗ, ಎತ್ತಿ ನೆಡುವುದು ಯಾವಾಗ?

ಗುಲಾಬಿ ಕಡ್ಡಿ ಊರಿದ ಹತ್ತು ಹದಿನೈದು ದಿನಕ್ಕೆ ಕೆಂಪು ಚಿಗುರು ಇಣುಕುತ್ತದೆ. ಮೂರನೇ ವಾರಕ್ಕೆ ಎಲೆ ಬಿಚ್ಚುತ್ತದೆ. ಹತ್ತಿಕೊಂಡಿತು ಎಂದು ಸಂಭ್ರಮದಿಂದ ಕಿತ್ತು ಅಂಗಳದಲ್ಲಿ ನೆಟ್ಟರೆ ನಾಲ್ಕೇ ದಿನಕ್ಕೆ ಎಲೆ ಜೋತು, ಕಡ್ಡಿ ಕಪ್ಪಾಗುತ್ತದೆ. ಮೊದಲ ಚಿಗುರಿಗೆ ಬೇರಿನ ಹಂಗೇ ಇಲ್ಲ. ಕಡ್ಡಿಯೊಳಗೆ ಕೂಡಿಟ್ಟ ಪಿಷ್ಟವನ್ನು ತಿಂದು ಅದು ಹೊರಬರುತ್ತದೆ. ಎಲೆ ಅರಳಿದ ಮೇಲೆ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಕೆಳಗಿನಿಂದ ಎಳೆದು ಕೊಡಲು ಬೇರಿರುವುದಿಲ್ಲ. ಗಾಳಿ ಒಣಗಿದಷ್ಟೂ ಈ ನಷ್ಟ ಬೇಗ. ಮಲೆನಾಡಿನಲ್ಲಿ ಬೇಲಿಗೆ ಚುಚ್ಚಿದರೂ ಬದುಕುವ ಕಡ್ಡಿ ಇಲ್ಲಿ ಸಾಯುವುದು ಅದಕ್ಕೇ.

ರೇಷ್ಮೆ ಬೆಳೆಗಾರರಿಗೆ ಗೊತ್ತಿರುವ ವಿದ್ಯೆ

ಸೀರೆಗೆ ಹೆಸರಾದ ಮೊಳಕಾಲ್ಮುರಿನ ಸೀಮೆಗೆ ಕಡ್ಡಿಯಿಂದ ಗಿಡ ಮಾಡುವುದು ಹೊಸತಲ್ಲ. ಹಿಪ್ಪುನೇರಳೆ ತೋಟಗಳೆಲ್ಲ ಹುಟ್ಟುವುದೇ ಕಡ್ಡಿಯಿಂದ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1997ರಲ್ಲಿ ಕೊಟ್ಟ ವಿ–1 ತಳಿ ರಾಜ್ಯದ ತೋಟ ತೋಟಕ್ಕೂ ಹಬ್ಬಿದ್ದು ಹೀಗೆಯೇ. ಮೂರು ನಾಲ್ಕು ಕಣ್ಣಿರುವ, ಪೆನ್ಸಿಲ್ ದಪ್ಪದ, ಬಲಿತ ಕಡ್ಡಿ ಆರಿಸಿ ಮಡಿಯಲ್ಲಿ ಊರುತ್ತಾರೆ. ಸೊಪ್ಪು ಎಷ್ಟೇ ಸೊಂಪಾಗಿ ಬಂದರೂ ಮೂರು ನಾಲ್ಕು ತಿಂಗಳು ತುಂಬುವ ತನಕ ಸಸಿ ಕೀಳುವುದಿಲ್ಲ. ಗುಲಾಬಿಗೆ ಅಷ್ಟು ದಿನ ಬೇಡ. ಆದರೆ ಆ ತಾಳ್ಮೆ ಬೇಕು.

ಎಲ್ಲ ಗುಲಾಬಿಯೂ ಕಡ್ಡಿಗೆ ಒಗ್ಗುವುದಿಲ್ಲ. ಪನ್ನೀರು ಗುಲಾಬಿ, ಬಟನ್ ಗುಲಾಬಿ, ಬಳ್ಳಿ ಗುಲಾಬಿ ಸುಲಭವಾಗಿ ಬೇರು ಬಿಡುತ್ತವೆ. ದೊಡ್ಡ ಹೂವಿನ ಹೈಬ್ರಿಡ್ ಟೀ ತಳಿಗಳು ಮೊಂಡು. ಬೇರು ಬಿಟ್ಟರೂ ಗಿಡಕ್ಕೆ ಕಸುವು ಸಾಲದು. ಅದಕ್ಕೇ ನರ್ಸರಿಯವರು ಅವನ್ನು ಎಡ್ವರ್ಡ್‌ನಂಥ ಗಟ್ಟಿ ಗುಲಾಬಿಯ ಬುಡಕ್ಕೆ ಕಣ್ಣು ಕಸಿ ಮಾಡುತ್ತಾರೆ. ತಂದ ಗಿಡ ಎರಡು ವರ್ಷದಲ್ಲಿ ಬಣ್ಣ ಬದಲಿಸಿತು ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಆಗಿರುವುದಿಷ್ಟು: ಕಸಿಯ ಕೆಳಗಿನಿಂದ ಎದ್ದ ಕಾಡು ಚಿಗುರು ಮೇಲಿನದನ್ನು ನುಂಗಿರುತ್ತದೆ. ಕಡ್ಡಿಯ ಗಿಡಕ್ಕೆ ಆ ಕಾಟವಿಲ್ಲ. ಬುಡದಿಂದ ಏನೇ ಎದ್ದರೂ ಅದೇ ಹೂವು.

ಕಾಲ ಯಾವುದು?

ಮುಂಗಾರು ಬಿದ್ದ ಕೂಡಲೇ ಊರಿ ಎನ್ನುವ ಮಾತು ಈ ಎರಡು ತಾಲ್ಲೂಕಿಗೆ ಹೊಂದುವುದಿಲ್ಲ. ವರ್ಷಕ್ಕೆ 500 ಮಿ.ಮೀ. ಆಚೀಚೆ ಮಳೆ ಕಾಣುವ, ರಾಜ್ಯದ ಅತಿ ಒಣ ಸೀಮೆಗಳಲ್ಲೊಂದು ಇದು. ಜೂನ್, ಜುಲೈನಲ್ಲಿ ಮೋಡ ಮೇಲೆಯೇ ಸಾಗಿಹೋಗುತ್ತದೆ. ನೆಲಕ್ಕೆ ಸಿಗುವುದು ಆಷಾಢದ ಗಾಳಿ. ನಿಜವಾದ ಮಳೆ ಸೆಪ್ಟೆಂಬರ್–ಅಕ್ಟೋಬರಿನದು. ಹಾಗಾಗಿ ಉತ್ತರೆ ಮುಗಿದು ಹಸ್ತ ಹಿಡಿಯುವ ಹೊತ್ತು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ, ಕಡ್ಡಿಗೆ ಹೇಳಿ ಮಾಡಿಸಿದ್ದು. ಗುಲಾಬಿ ಸವರುವುದೂ ಅಕ್ಟೋಬರಿನಲ್ಲೇ ಆದ್ದರಿಂದ ಕಡ್ಡಿಗೆ ಬರವಿಲ್ಲ.

ಹೂ ಬಿಟ್ಟು ಮುಗಿದ ರೆಂಬೆಯಿಂದ 15ರಿಂದ 20 ಸೆಂ.ಮೀ. ಉದ್ದದ ತುಂಡು ತೆಗೆಯಿರಿ. ಹೂವಿನ ಕೆಳಗಿನ ಎಳೆ ತುದಿ ಬೇಡ, ಬುಡದ ಮುದಿ ಕಟ್ಟಿಗೆಯೂ ಬೇಡ. ಕೆಳಗಡೆ ಗಿಣ್ಣಿನ ಒತ್ತಿಗೆ ಓರೆಯಾಗಿ, ಮೇಲ್ಗಡೆ ಕಣ್ಣಿನಿಂದ ತುಸು ಮೇಲೆ ಕತ್ತರಿಸಿ. ತುದಿಯ ಒಂದೆರಡು ಎಲೆ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿದರೆ ನೀರಿನ ನಷ್ಟ ತಗ್ಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿ ಇರುವುದು ಐಬಿಎ ಎಂಬ ಹಾರ್ಮೋನು. ಕಡ್ಡಿಯ ಬುಡಕ್ಕೆ ಚಿಟಿಕೆಯಷ್ಟು ಅಂಟಿದರೆ ಸಾಕು. ಮೊಬೈಲಿನಲ್ಲಿ ಓಡಾಡುವ ಆಲೂಗಡ್ಡೆಗೆ ಚುಚ್ಚುವ ಉಪಾಯ ಬಿಡಿ. ಆಲೂಗಡ್ಡೆ ಕೊಳೆತು ಕಡ್ಡಿಯನ್ನೂ ಕೊಳೆಸುತ್ತದೆ.

ಕಡ್ಡಿ ಊರುವ ಪಾಕೆಟ್ಟಿಗೆ ಅರ್ಧ ಹಳ್ಳದ ಮರಳು, ಅರ್ಧ ಕೆಂಪು ಮಣ್ಣು ತುಂಬಿ. ಎರೆ ಮಣ್ಣು ನೀರು ಹಿಡಿದು ಬುಡ ಕೊಳೆಸುತ್ತದೆ. ಕುರಿ ಗೊಬ್ಬರ ಇಲ್ಲಿ ಹಟ್ಟಿ ಹಟ್ಟಿಗೂ ಸಿಗುತ್ತದೆಂದು ಈಗಲೇ ಹಾಕಬೇಡಿ. ಅದರ ಕಾವು, ಉಪ್ಪು ಎಳೆ ಬೇರನ್ನು ಸುಡುತ್ತವೆ. ಬೋರ್‌ವೆಲ್ ನೀರು ಹಲವೆಡೆ ಗಡುಸು. ಹಸ್ತದ ಮಳೆಯಲ್ಲಿ ಹಂಡೆ ತುಂಬಿಸಿಟ್ಟುಕೊಂಡರೆ ಎರಡು ತಿಂಗಳು ಕಡ್ಡಿಗಳಿಗೆ ಆಗುತ್ತದೆ. ಪಾಕೆಟ್‌ಗಳು ಗಾಳಿ ಬಡಿಯದ, ಬೆಳಕಿರುವ ನೆರಳಿನಲ್ಲಿರಲಿ.

ಬೇರಿನ ಗುರುತು

ಎರಡು ಮೂರು ವಾರಕ್ಕೆ ಕತ್ತರಿಸಿದ ತುದಿಯಲ್ಲಿ ಬಿಳಿ ಗಂಟು ಕಟ್ಟುತ್ತದೆ. ಅದು ಗಾಯ ಮಾಯುವ ಬಗೆ, ಬೇರಲ್ಲ. ಬೇರು ಒಡೆಯುವುದು ನಾಲ್ಕರಿಂದ ಆರನೇ ವಾರಕ್ಕೆ. ಆಗಲೂ ಅದು ಕವಲಿಲ್ಲದ ಬಿಳಿ ದಾರ, ಮುಟ್ಟಿದರೆ ಮುರಿಯುತ್ತದೆ. ಎಂಟು ಹತ್ತು ವಾರಕ್ಕೆ ಕವಲೊಡೆದು ಮಣ್ಣನ್ನು ಹಿಡಿಯುತ್ತದೆ. ಮೂರು ಗುರುತು ನೋಡಿ: ಮೊದಲ ಚಿಗುರು ಬಲಿತು ಎರಡನೇ ಚಿಗುರು ಹೊರಟಿರಬೇಕು, ಕಡ್ಡಿಯನ್ನು ಮೆಲ್ಲಗೆ ಎಳೆದರೆ ಬಿಗಿಯಾಗಿರಬೇಕು, ಪಾಕೆಟ್ಟಿನ ತೂತಿನಲ್ಲಿ ಬೇರಿನ ತುದಿ ಕಾಣಬೇಕು. ಮೂರೂ ಕೂಡಿದರೆ ಎತ್ತಿ ನೆಡಬಹುದು. ನಡುವೆ ಬರುವ ಮೊಗ್ಗನ್ನು ಚಿವುಟಿ ಹಾಕಿ.

ಹಸ್ತಕ್ಕೆ ಊರಿದ್ದು ಡಿಸೆಂಬರಿಗೆ ಸಿದ್ಧ. ಒಂದು ವಾರ ಬೆಳಗಿನ ಎಳೆಬಿಸಿಲಿಗೆ ಒಡ್ಡಿ ಗಟ್ಟಿ ಮಾಡಿ. ಒಂದೂವರೆ ಅಡಿ ಗುಂಡಿಗೆ ವರ್ಷ ಕಳೆದ ಕುರಿ ಗೊಬ್ಬರ, ಗೆದ್ದಲಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಎರೆ ನೆಲದಲ್ಲಾದರೆ ಗುಂಡಿಯ ಬದಲು ದಿಬ್ಬ ಮಾಡಿ. ಸಂಜೆ ಹೊತ್ತು, ಪಾಕೆಟ್ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ, ಗಾಳಿಗೆ ಅಲುಗದಂತೆ ಒಂದು ಕೋಲು ಕಟ್ಟಿ.

ಡಿಸೆಂಬರಿನಲ್ಲಿ ನೆಟ್ಟರೆ ಬೇರು ಆಳಕ್ಕಿಳಿಯಲು ಸುಮಾರು ಮೂರು ತಿಂಗಳ ತಂಪು ಸಿಗುತ್ತದೆ. ಫೆಬ್ರುವರಿ ಕೊನೆಗೆ ಎತ್ತಿ ನೆಟ್ಟ ಗಿಡಕ್ಕೆ ಆ ಅವಕಾಶವಿಲ್ಲ. ತಡವಾದರೆ ಅದನ್ನು ಪಾಕೆಟ್ಟಿನಲ್ಲೇ, ನೆರಳಿನಲ್ಲೇ ಬೇಸಿಗೆ ದಾಟಿಸುವುದು ಮೇಲು. ಮಾರ್ಚ್ ಹೊಕ್ಕ ಮೇಲೆ ಬುಡಕ್ಕೆ ನಾಲ್ಕು ಬೆರಳು ದಪ್ಪ ಶೇಂಗಾ ಸಿಪ್ಪೆ ಹೊದಿಸಿ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಅದಕ್ಕೇನೂ ಹುಡುಕಬೇಕಿಲ್ಲ. ಮೇ ತಿಂಗಳ ಬಿಸಿಲು ದಾಟಿ ಹಸಿರಾಗಿ ನಿಂತವನ್ನು ಮಾತ್ರ ಹತ್ತಿದ ಗಿಡವೆಂದು ಲೆಕ್ಕ ಹಾಕಿ. ಆ ಲೆಕ್ಕ ಗೊತ್ತಿದ್ದರೆ ನಾಲ್ಕು ಗಿಡ ಬೇಕಾದವರು ಹತ್ತು ಕಡ್ಡಿ ಊರುತ್ತಾರೆ.