ಒಂದು ಚೀಲ ಯೂರಿಯಾಗೆ ಮೂರು ಕೊಡ ನೀರು ಸಾಕಾ?

ಮಳೆ ಹಿಡಿದ ಕೂಡಲೇ ಯೂರಿಯಾಗೆ ಸಾಲು ನಿಲ್ಲೋದು ನಿಮಗೆ ಹೊಸದಲ್ಲ. ಆದರೆ ಆ 45 ಕೆ.ಜಿ. ಚೀಲ ಹೇಗೆ ತಯಾರಾಗುತ್ತೆ ಗೊತ್ತಾ? ಗಾಳಿಯ ಸಾರಜನಕಕ್ಕೆ ಹೈಡ್ರೋಜನ್ ಸೇರಿದರೆ ಅಮೋನಿಯಾ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಯೂರಿಯಾ. ಗಾಳಿ ಪುಕ್ಕಟೆ, ಹೈಡ್ರೋಜನ್ ಮಾತ್ರ ನೈಸರ್ಗಿಕ ಅನಿಲದಿಂದ ಬರಬೇಕು. ಆ ಅನಿಲದಲ್ಲಿ ದೊಡ್ಡ ಪಾಲು ಹೊರದೇಶದಿಂದ ಹಡಗಿನಲ್ಲಿ ಬರುತ್ತೆ. ನಮ್ಮ ಪಣಂಬೂರಿನ ಕಾರ್ಖಾನೆ ಕೂಡ ಮೊದಲು ನಾಫ್ತಾದಲ್ಲಿ ನಡೆಯುತ್ತಿತ್ತು, ಕೊಚ್ಚಿಯಿಂದ ಪೈಪ್‌ಲೈನ್ ಬಂದ ಮೇಲೆ ಅನಿಲಕ್ಕೆ ತಿರುಗಿತು.

ಹೈಡ್ರೋಜನ್ ನೀರಿನಲ್ಲೂ ಇದೆಯಲ್ಲ, ಅಲ್ಲಿಂದ ಯಾಕೆ ತೆಗೀಬಾರದು? ಲೆಕ್ಕ ಹಾಕಿ ನೋಡಿ: ಒಂದು ಚೀಲಕ್ಕೆ ಬೇಕಾದ್ದು ಸುಮಾರು 4.5 ಕೆ.ಜಿ. ಹೈಡ್ರೋಜನ್. ಅಷ್ಟು ಹೈಡ್ರೋಜನ್ 40 ಲೀಟರ್ ನೀರಿನಲ್ಲಿದೆ. ಹೆಚ್ಚು ಕಡಿಮೆ ಮೂರು ಕೊಡ!

ಕಷ್ಟ ಇರೋದು ನೀರನ್ನು ಒಡೆಯೋದರಲ್ಲಿ. ಕರೆಂಟ್ ಹಾಯಿಸಿ ಒಡೆಯೋದು ಒಂದು ದಾರಿ. ಬರೀ ಕಾಯಿಸಿ ಒಡೆಯೋಕೆ ಹೋದರೆ 2000 ಡಿಗ್ರಿ ದಾಟಬೇಕು, ಅಷ್ಟು ಬಿಸಿ ತಡೆಯೋ ಪಾತ್ರೆ ಎಲ್ಲಿಂದ ತರೋದು? ಅದಕ್ಕೆ ವಿಜ್ಞಾನಿಗಳು ಬಿಸಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಳಸೋ ಉಪಾಯ ಹುಡುಕಿದರು. ಅದೇ ಉಷ್ಣರಾಸಾಯನಿಕ ಚಕ್ರ.

ಇದರಲ್ಲಿ ಹೆಸರಾದದ್ದು 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಗಂಧಕ-ಅಯೋಡಿನ್ ಚಕ್ರ. ದ್ರಾಕ್ಷಿ ತೋಟದವರು ಬೂದಿ ರೋಗಕ್ಕೆ ಹೊಡೆಯೋ ಅದೇ ಗಂಧಕ. ನೀರು, ಅಯೋಡಿನ್, ಗಂಧಕದ ಡೈಆಕ್ಸೈಡ್ ಸುಮಾರು 120 ಡಿಗ್ರಿಯಲ್ಲಿ ಕೂಡಿದಾಗ ಎರಡು ಆಮ್ಲ ಹುಟ್ಟುತ್ತವೆ. ಒಂದನ್ನು 450 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಹೈಡ್ರೋಜನ್ ಹೊರಬಿದ್ದು ಅಯೋಡಿನ್ ವಾಪಸ್ ಸಿಗುತ್ತೆ. ಇನ್ನೊಂದು ಗಂಧಕಾಮ್ಲ, ಅದನ್ನು 850 ಡಿಗ್ರಿಗೆ ಒಯ್ದರೆ ಆಮ್ಲಜನಕ ಬಿಟ್ಟುಕೊಟ್ಟು ಗಂಧಕದ ಡೈಆಕ್ಸೈಡ್ ಆಗಿ ಮರಳುತ್ತೆ. ಬಾವಿಗೆ ಇಳಿದು ಹತ್ತೋ ಕೊಡದ ಹಾಗೆ ಗಂಧಕ, ಅಯೋಡಿನ್ ಸುತ್ತುತ್ತಲೇ ಇರುತ್ತವೆ. ಖರ್ಚಾಗೋದು ನೀರು ಮತ್ತು ಬಿಸಿ ಮಾತ್ರ. ಬಿಸಿಗೆ ಅಣು ರಿಯಾಕ್ಟರ್ ಅಥವಾ ಕನ್ನಡಿಗಳಿಂದ ಒಂದೆಡೆ ಕೂಡಿಸಿದ ಬಿಸಿಲು.

ಕೇಳೋಕೆ ಚೆಂದ. ಆದರೆ ಬ್ಯಾಟರಿ ಆ್ಯಸಿಡ್ ಬಟ್ಟೆಗೆ ಬಿದ್ದರೆ ಏನಾಗುತ್ತೆ ನೋಡಿದ್ದೀರಲ್ಲ? ಅದನ್ನೇ ಕೆಂಡದಷ್ಟು ಕಾಯಿಸಿ ವರ್ಷಗಟ್ಟಲೆ ಪೈಪಿನಲ್ಲಿ ಹರಿಸಬೇಕು. ಹೆಚ್ಚಿನ ಲೋಹ ಸವೆದು ಹೋಗುತ್ತೆ. ಜಪಾನಿನ ಅಣುಶಕ್ತಿ ಸಂಸ್ಥೆ 2019ರಲ್ಲಿ ತನ್ನ ಪ್ರಯೋಗ ಘಟಕವನ್ನು 150 ಗಂಟೆ ಬಿಡದೆ ಓಡಿಸಿತು, ಗಂಟೆಗೆ ಸುಮಾರು 30 ಲೀಟರ್ ಹೈಡ್ರೋಜನ್ ಅನಿಲ. ಆ ವೇಗದಲ್ಲಿ ನಿಮ್ಮ ಒಂದು ಚೀಲಕ್ಕೆ 70 ದಿನ ಬೇಕು. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೂ ಇದೇ ಚಕ್ರದ ಮೇಲೆ ಕೆಲಸ ಮಾಡಿದೆ.

ಹಾಗಾಗಿ ಶೆಡ್‌ನಲ್ಲಿ ಕೂರಿಸೋ ‘ನೀರು ಕಾಯಿಸಿ ಹೈಡ್ರೋಜನ್’ ಯಂತ್ರ, ಅದರ ಏಜೆನ್ಸಿ ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಅಡ್ವಾನ್ಸ್ ಕೇಳಿದರೆ ಒಂದು ರೂಪಾಯಿನೂ ಕೊಡಬೇಡಿ.

ಇನ್ನೊಂದು ತೊಡಕೂ ಇದೆ. ಅನಿಲದಿಂದ ಹೈಡ್ರೋಜನ್ ತೆಗೆಯುವಾಗ ಯೂರಿಯಾಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಜೊತೆಗೇ ಸಿಗುತ್ತೆ. ನೀರಿನಿಂದ ತೆಗೆದರೆ ಸಿಗಲ್ಲ, ಬೇರೆ ಕಡೆಯಿಂದ ತರಬೇಕು. ಡಿಎಪಿ, ಅಮೋನಿಯಂ ಸಲ್ಫೇಟ್‌ಗೆ ಆ ತಾಪತ್ರಯ ಇಲ್ಲ, ಅಮೋನಿಯಾ ಇದ್ದರೆ ಆಯ್ತು. ನೀರಿನ ಹೈಡ್ರೋಜನ್ ಅಗ್ಗವಾದ ದಿನ ಅದು ಸಲೀಸಾಗಿ ಸೇರೋದು ಯೂರಿಯಾಗಿಂತ ಮೊದಲು ಆ ಚೀಲಗಳಿಗೆ.